ಪಕ್ಷ ನಡುವಿಗೆ ಸರಿಯಬೇಕಾ, ತತ್ವಕ್ಕೆ ಅಂಟಿಕೊಳ್ಳಬೇಕಾ?

ದಾರಿಹೋಕ

ಚುನಾವಣೆ ಸೋತ ಪಕ್ಷದೊಳಗೆ ಮರುದಿನವೇ ಒಂದು ಜಗಳ ಶುರುವಾಗುತ್ತದೆ. ಯಾವ ದೇಶವಾದರೂ ಸರಿ, ಎಡವಾದರೂ ಬಲವಾದರೂ ಸರಿ. "ನಾವು ವಿಪರೀತ ಗಟ್ಟಿಯಾಗಿ ಮಾತಾಡಿದೆವು, ಜನ ಹೆದರಿಕೊಂಡರು, ಸ್ವಲ್ಪ ನಡುವಿಗೆ ಬರೋಣ" ಅಂತ ಒಂದು ಗುಂಪು. "ನಾವು ಎದುರಾಳಿಯ ಹಾಗೇ ಮಾತಾಡಿದೆವು, ಅದಕ್ಕೇ ನಮ್ಮವರೇ ಮತಗಟ್ಟೆಗೆ ಬರಲಿಲ್ಲ" ಅಂತ ಇನ್ನೊಂದು ಗುಂಪು. ಎರಡೂ ಗುಂಪಿಗೆ ಉದಾಹರಣೆಗಳಿಗೇನೂ ಬರವಿಲ್ಲ.

ನಡುವಿನವರು ಬ್ರಿಟನ್ನಿನ ಲೇಬರ್ ಪಕ್ಷವನ್ನು ತೋರಿಸುತ್ತಾರೆ. 1983ರಲ್ಲಿ ಮೈಕೆಲ್ ಫುಟ್ ನಾಯಕತ್ವದಲ್ಲಿ ಅಣ್ವಸ್ತ್ರ ಬಿಡುತ್ತೇವೆ, ಯುರೋಪಿನ ಒಕ್ಕೂಟದಿಂದ ಹೊರಗೆ ಬರುತ್ತೇವೆ, ಇನ್ನಷ್ಟು ಉದ್ಯಮಗಳನ್ನು ಸರ್ಕಾರಕ್ಕೆ ತೆಗೆದುಕೊಳ್ಳುತ್ತೇವೆ ಅಂತ ಹೋದರು, ಸಿಕ್ಕಿದ್ದು 27.6% ಮತ, 209 ಸೀಟು. ಆಮೇಲೆ ಟೋನಿ ಬ್ಲೇರ್ ಬಂದರು. ಉತ್ಪಾದನೆಯ ಸಾಧನಗಳು ಎಲ್ಲರ ಒಡೆತನದಲ್ಲಿರಬೇಕು ಅಂತ 1918ರಿಂದ ಪಕ್ಷದ ಸಂವಿಧಾನದಲ್ಲಿದ್ದ ನಾಲ್ಕನೇ ಕಲಮನ್ನು 1995ರಲ್ಲಿ ಬದಲಿಸಿದರು. 1997ರಲ್ಲಿ 418 ಸೀಟು.

ತತ್ವದವರು ಗ್ರೀಸಿನ ಪಾಸೊಕ್ ಪಕ್ಷವನ್ನು ತೋರಿಸುತ್ತಾರೆ. 2009ರಲ್ಲಿ 43.9% ಮತ ಪಡೆದು ಸರ್ಕಾರ ಮಾಡಿದ ಸಮಾಜವಾದಿ ಪಕ್ಷ ಅದು. ಸಾಲದ ಬಿಕ್ಕಟ್ಟು ಬಂದಾಗ ಸಂಬಳ, ಪಿಂಚಣಿ ಕಡಿತಕ್ಕೆ ತಾನೇ ಸಹಿ ಹಾಕಿತು. 2015ರ ಜನವರಿಯಲ್ಲಿ ಅದಕ್ಕೆ ಉಳಿದದ್ದು 4.7%.

ನನಗನ್ನಿಸುವುದು ಇಷ್ಟು. ನಾವು ಒಂದೇ ಹೆಸರಲ್ಲಿ ಎರಡು ಬೇರೆ ಕೆಲಸಗಳ ಬಗ್ಗೆ ಜಗಳ ಮಾಡುತ್ತಿದ್ದೇವೆ. ಬೇಡಿಕೆಯನ್ನು ಚಿಕ್ಕದು ಮಾಡುವುದು ಬೇರೆ, ಬೇಡಿಕೆಯನ್ನೇ ಬಿಡುವುದು ಬೇರೆ. ಮೊದಲನೆಯದನ್ನು ಮಾಡದ ಪಕ್ಷ ಗೆಲ್ಲುವುದು ಕಷ್ಟ. ಎರಡನೆಯದನ್ನು ಮಾಡಿದ ಪಕ್ಷ ಗೆದ್ದರೂ ಯಾಕೆ ಗೆದ್ದೆವು ಅನ್ನುವುದಕ್ಕೆ ಉತ್ತರ ಇರುವುದಿಲ್ಲ. ನೀವೆಲ್ಲ ಏನಂತೀರಿ?

ಲೆಕ್ಕಿಗ

ಈ "ನಡುವಿಗೆ ಬನ್ನಿ" ಅನ್ನುವ ಸಲಹೆಯ ಹಿಂದೆ ಒಂದು ಲೆಕ್ಕ ಇದೆ, ಮೊದಲು ಅದನ್ನು ಹೇಳಿಬಿಡುತ್ತೇನೆ. 1929ರಲ್ಲಿ ಹೆರಾಲ್ಡ್ ಹೋಟೆಲಿಂಗ್ ಅನ್ನುವ ಅರ್ಥಶಾಸ್ತ್ರಜ್ಞ ಹೇಳಿದ್ದು: ಒಂದೇ ಬೀದಿಯಲ್ಲಿ ಇಬ್ಬರು ವ್ಯಾಪಾರಿಗಳಿದ್ದರೆ ಇಬ್ಬರೂ ಬೀದಿಯ ನಡುವಿಗೇ ಬಂದು ಅಕ್ಕಪಕ್ಕ ನಿಲ್ಲುತ್ತಾರೆ, ಏಕೆಂದರೆ ತುದಿಯಲ್ಲಿರುವ ಗಿರಾಕಿ ಹೇಗಿದ್ದರೂ ಹತ್ತಿರದವನ ಬಳಿಗೇ ಬರಬೇಕು. 1957ರಲ್ಲಿ ಆಂಥನಿ ಡೌನ್ಸ್ ಇದನ್ನೇ ಬೆಳೆಸಿ ಪಕ್ಷಗಳಿಗೆ ವಿವರವಾಗಿ ಹೊಂದಿಸಿದರು.

ಲೆಕ್ಕ ಚೆನ್ನಾಗಿದೆ. ಆದರೆ ಅದು ನಿಂತಿರುವ ಊಹೆಗಳನ್ನು ನೋಡಿ. ಪಕ್ಷಗಳು ಎರಡೇ ಇರಬೇಕು. ಎಲ್ಲ ವಿಷಯಗಳೂ ಒಂದೇ ಗೆರೆಯ ಮೇಲೆ ಬರಬೇಕು. ಮುಖ್ಯವಾಗಿ, ತುದಿಯಲ್ಲಿರುವವನು ಮನೆಯಲ್ಲೇ ಕೂರದೆ ಬಂದು ಓಟು ಹಾಕಲೇಬೇಕು. ಡೌನ್ಸ್ ಅವರಿಗೂ ಇದು ಗೊತ್ತಿತ್ತು. ಎರಡು ಪಕ್ಷಗಳು ತೀರಾ ಒಂದೇ ಥರ ಆದರೆ ತುದಿಯವರು ಓಟು ಹಾಕದೇ ಇರಬಹುದು ಅಂತ ಅವರೇ ಬರೆದಿದ್ದಾರೆ.

ಬ್ಲೇರ್ ಗೆಲುವಿನಲ್ಲೇ ಅದು ಕಾಣುತ್ತದೆ. 1997ರಲ್ಲಿ ಮತದಾನ ಸುಮಾರು 71% ಇತ್ತು, 2001ರಲ್ಲಿ 59%ಕ್ಕೆ ಇಳಿಯಿತು. ಲೇಬರ್‌ಗೆ ಬಿದ್ದ ಓಟು 1.35 ಕೋಟಿಯಿಂದ 1.07 ಕೋಟಿಗೆ ಬಂತು. ಆದರೂ ಭಾರಿ ಬಹುಮತ ಬಂತು, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬ್ಲೇರ್ ಬ್ರಿಟನ್ನನ್ನು ಸೇರಿಸಿದ ಇರಾಕ್ ಯುದ್ಧ ಆಗಿನ್ನೂ ಶುರುವೇ ಆಗಿರಲಿಲ್ಲ, ಅದು 2003ರಲ್ಲಿ. ಅಂದರೆ ಯುದ್ಧಕ್ಕೂ ಮೊದಲೇ ಜನ ಕಳಚಿಕೊಳ್ಳುತ್ತಿದ್ದರು.

ಆಸ್ಟ್ರೇಲಿಯಾದಲ್ಲಿ 1924ರಿಂದ ರಾಷ್ಟ್ರೀಯ ಚುನಾವಣೆಯಲ್ಲಿ ಮತದಾನ ಕಡ್ಡಾಯ. ಅಲ್ಲಿ ತುದಿಯವರು ಮನೆಯಲ್ಲಿ ಕೂರುವಂತಿಲ್ಲ. ಹಾಗಾಗಿ ನಡುವಿಗೆ ಸರಿಯುವ ಪಕ್ಷಕ್ಕೆ ಆ ಭಯ ಕಡಿಮೆ. ಯಾವ ದೇಶದ ನಿಯಮ ಏನು ಅಂತ ನೋಡದೆ ಈ ಚರ್ಚೆ ಮಾಡಿದರೆ ಸುಮ್ನೆ ಗಾಳಿಗೆ ಗುದ್ದಿದ ಹಾಗೆ.

ಹಳೆಕಾರ್ಯಕರ್ತ

ಲೆಕ್ಕಿಗ ಅವರೇ, ನಿಮ್ಮ ಅಂಕಿಗಳಲ್ಲಿ ಒಬ್ಬರು ಕಾಣೆಯಾಗಿದ್ದಾರೆ. ಬಿಸಿಲಲ್ಲಿ ಮನೆಮನೆಗೆ ಹೋಗುವವರು. ಪಕ್ಷ ನಡುವಿಗೆ ಸರಿದಾಗ ಮೊದಲು ಸುಸ್ತಾಗುವುದು ಅವರೇ. ಅವರು ಎದುರು ಪಕ್ಷಕ್ಕೆ ಹೋಗುವುದಿಲ್ಲ, ಗಲಾಟೆಯನ್ನೂ ಮಾಡುವುದಿಲ್ಲ, ಸಭೆಗೆ ಬರುವುದು ನಿಲ್ಲಿಸುತ್ತಾರೆ ಅಷ್ಟೇ. ಹಾಗಾಗಿ ನಾಯಕರಿಗೆ ಗೊತ್ತೇ ಆಗುವುದಿಲ್ಲ. ನಾನೂ ಒಂದು ಪಕ್ಷಕ್ಕಾಗಿ ಬಹಳ ವರ್ಷ ಕರಪತ್ರ ಹಂಚಿದವನು. ಬಾಗಿಲಲ್ಲಿ ನಿಂತ ಮನುಷ್ಯ "ನಿಮಗೂ ಅವರಿಗೂ ಏನು ವ್ಯತ್ಯಾಸ?" ಅಂತ ಕೇಳಿದಾಗ ಥಟ್ಟನೆ ಉತ್ತರ ಬರದಿದ್ದರೆ ಆ ದಿನ ಮುಂದಿನ ಮನೆಗೆ ಹೋಗುವ ಮನಸ್ಸೇ ಬರುವುದಿಲ್ಲ.

ಸೋತರೂ ಪರವಾಗಿಲ್ಲ, ನಿಂತ ಜಾಗ ಬಿಡಬಾರದು ಅನ್ನುವುದಕ್ಕೂ ಉದಾಹರಣೆ ಇದೆ. 1964ರಲ್ಲಿ ಅಮೆರಿಕದ ರಿಪಬ್ಲಿಕನ್ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ 38.5% ಮತ ಪಡೆದು, ಬರೀ ಆರು ರಾಜ್ಯ ಗೆದ್ದು ಹೀನಾಯವಾಗಿ ಸೋತರು. ಆದರೆ ಅವರ ಪ್ರಚಾರದಲ್ಲಿ ಕೆಲಸ ಮಾಡಿದವರೇ ಪಕ್ಷವನ್ನು ಒಳಗಿನಿಂದ ಕಟ್ಟಿದರು. ಅವರ ಪರವಾಗಿ ಟಿವಿಯಲ್ಲಿ ಭಾಷಣ ಮಾಡಿದ ರೊನಾಲ್ಡ್ ರೇಗನ್ 1980ರಲ್ಲಿ ಅಧ್ಯಕ್ಷರ ಚುನಾವಣೆ ಗೆದ್ದರು. ನನಗೆ ಅವರ ರಾಜಕೀಯ ಇಷ್ಟವಿಲ್ಲ, ಆದರೆ ಆ ತಾಳ್ಮೆ ದೊಡ್ಡದು.

ಮುಂಜಾವು

ಗೋಲ್ಡ್‌ವಾಟರ್ ಕಥೆಯನ್ನು ಎಲ್ಲರೂ ಅರ್ಧಕ್ಕೇ ನಿಲ್ಲಿಸುತ್ತಾರೆ. ಅವರು ಅಷ್ಟು ದೊಡ್ಡದಾಗಿ ಸೋತದ್ದರಿಂದ ಅವರನ್ನು ಸೋಲಿಸಿದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಡೆಮಾಕ್ರಟಿಕ್ ಪಕ್ಷಕ್ಕೆ ಸಂಸತ್ತಿನ ಎರಡೂ ಸದನಗಳಲ್ಲಿ ದೈತ್ಯ ಬಹುಮತ ಬಂತು. 1965ರಲ್ಲೇ ಹಿರಿಯರಿಗೆ ಸರ್ಕಾರಿ ಆರೋಗ್ಯ ವಿಮೆ ಬಂತು, ಕಪ್ಪು ಜನರ ಮತದಾನದ ಹಕ್ಕಿನ ಕಾಯ್ದೆ ಬಂತು. ಸರ್ಕಾರ ಚಿಕ್ಕದಾಗಬೇಕು ಅಂತ ಹೋರಾಡಿದವರ ಸೋಲಿನಿಂದಲೇ ಸರ್ಕಾರ ದೊಡ್ಡದಾಯಿತು. ರೇಗನ್ ಬಂದಮೇಲೂ ಆ ವಿಮೆಯನ್ನು ತೆಗೆಯಲು ಆಗಲಿಲ್ಲ. ತತ್ವಕ್ಕಾಗಿ ಸೋತರೆ ಆ ಸೋಲಿನ ಬೆಲೆ ಬರೀ ನಾಯಕರು ಕೊಡುವುದಿಲ್ಲ, ಆ ತತ್ವವೂ ಕೊಡುತ್ತದೆ.

ಇನ್ನೊಂದು. ಸೋತರೂ ಪರವಾಗಿಲ್ಲ ಅನ್ನುವ ಮಾತು ಯಾರ ಬಾಯಲ್ಲಿ ಬರುತ್ತದೆ ನೋಡಿ. ಸರ್ಕಾರ ಯಾರದ್ದಾದರೂ ಬದುಕು ನಡೆಯುವವರ ಬಾಯಲ್ಲಿ. ಬ್ಲೇರ್ ಬಗ್ಗೆ ನನಗೂ ಸಿಟ್ಟಿದೆ, ಇರಾಕ್ ಮರೆಯುವಂಥದ್ದಲ್ಲ. ಆದರೆ ಬ್ರಿಟನ್ನಿನಲ್ಲಿ ಇಡೀ ದೇಶಕ್ಕೆ ಒಂದೇ ಕನಿಷ್ಠ ಕೂಲಿ ಅಂತ ಇರಲೇ ಇಲ್ಲ. 1999ರ ಏಪ್ರಿಲ್‌ನಲ್ಲಿ ಅದನ್ನು ತಂದದ್ದು ಅವರ ಸರ್ಕಾರವೇ. ಆಮೇಲೆ ಬಂದ ಕನ್ಸರ್ವೇಟಿವ್ ಸರ್ಕಾರಗಳೂ ಅದನ್ನು ಮುಟ್ಟಲಿಲ್ಲ, ಏರಿಸಿದವು. ಆ ಕೂಲಿ ಪಡೆದವನಿಗೆ ನಾಲ್ಕನೇ ಕಲಮಿನ ಪದಗಳು ಬದಲಾದವು ಅನ್ನುವುದು ಎಷ್ಟು ಮುಖ್ಯ, ಹೇಳಿ?

ಸಾಲುಮರ

ದಾರಿಹೋಕ ಅವರು ಹೇಳಿದ "ಚಿಕ್ಕದು ಮಾಡುವುದು ಬೇರೆ, ಬಿಡುವುದು ಬೇರೆ" ಅನ್ನುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ದೊಡ್ಡ ಉದಾಹರಣೆ ಅಮೆರಿಕದ ಗುಲಾಮಗಿರಿ ವಿರೋಧಿಗಳದ್ದು. ಸ್ವಲ್ಪ ಉದ್ದ ಆಗುತ್ತದೆ, ಆದರೆ ಓದಿ.

1840ರಲ್ಲಿ ಲಿಬರ್ಟಿ ಪಾರ್ಟಿ ಅಂತ ಒಂದು ಪುಟ್ಟ ಪಕ್ಷ ಚುನಾವಣೆಗೆ ನಿಂತಿತು. ಗುಲಾಮಗಿರಿ ವಿರೋಧ ಒಂದೇ ಅವರ ವಿಷಯ. ಅಧ್ಯಕ್ಷ ಸ್ಥಾನಕ್ಕೆ ಜೇಮ್ಸ್ ಬರ್ನಿ. 1844ರಲ್ಲೂ ಅವರೇ ನಿಂತರು, ಸಿಕ್ಕಿದ್ದು 2.3%. ಆದರೆ ಆ ಸಲ ಏನಾಯಿತು ಅಂದರೆ ನ್ಯೂಯಾರ್ಕ್ ರಾಜ್ಯದಲ್ಲಿ ವಿಗ್ ಪಕ್ಷದ ಅಭ್ಯರ್ಥಿ ಹೆನ್ರಿ ಕ್ಲೇ ಸುಮಾರು 5,000 ಓಟಿನಿಂದ ಸೋತರು, ಬರ್ನಿಗೆ ಅಲ್ಲಿ 15,000ಕ್ಕೂ ಜಾಸ್ತಿ ಬಿದ್ದಿತ್ತು. ಆ ಒಂದು ರಾಜ್ಯದಿಂದಲೇ ಕ್ಲೇ ಎದುರಾಳಿ, ಡೆಮಾಕ್ರಟಿಕ್ ಪಕ್ಷದ ಜೇಮ್ಸ್ ಪೋಕ್ ಅಧ್ಯಕ್ಷರಾದರು. ಟೆಕ್ಸಾಸನ್ನು ದೇಶಕ್ಕೆ ಸೇರಿಸಿಕೊಳ್ಳಬೇಕು ಅಂತ ಪ್ರಚಾರ ಮಾಡಿ ಗೆದ್ದವರು ಅವರು. 1845ರಲ್ಲಿ ಟೆಕ್ಸಾಸ್ ಗುಲಾಮಗಿರಿ ಇರುವ ರಾಜ್ಯವಾಗಿಯೇ ಸೇರಿತು. ಕ್ಲೇ ಕೂಡ ಗುಲಾಮರನ್ನು ಇಟ್ಟುಕೊಂಡಿದ್ದವರೇ, ಅವರಿಗೆ ಓಟು ಹಾಕು ಅಂತ ಹೇಳುವುದೂ ಕಷ್ಟವೇ. ಆದರೂ ಫಲಿತಾಂಶ ಹೀಗಾಯಿತು.

ಆಮೇಲೆ ಅವರಲ್ಲಿ ಬಹಳ ಜನ ದಾರಿ ಬದಲಿಸಿದರು. 1848ರಲ್ಲಿ ಫ್ರೀ ಸಾಯಿಲ್ ಪಕ್ಷ ಹುಟ್ಟಿತು. ಎಲ್ಲ ಕಡೆ ಗುಲಾಮಗಿರಿ ಈಗಲೇ ರದ್ದಾಗಲಿ ಅನ್ನುವುದು ಅವರ ಬೇಡಿಕೆ ಆಗಿರಲಿಲ್ಲ. ಹೊಸ ಪ್ರಾಂತ್ಯಗಳಿಗೆ ಅದು ಹರಡಬಾರದು, ಅಷ್ಟೇ. ಸುಮಾರು 10% ಮತ ಬಂತು. 1854ರಲ್ಲಿ ರಿಪಬ್ಲಿಕನ್ ಪಕ್ಷ ಹುಟ್ಟಿದ್ದೂ ಅದೇ ಬೇಡಿಕೆಯ ಮೇಲೆ. 1860ರಲ್ಲಿ ಪಕ್ಷದೊಳಗೆ ವಿಲಿಯಂ ಸೀವರ್ಡ್ ದೊಡ್ಡ ಹೆಸರು, ಆದರೆ ಅವರದು ತುಂಬಾ ತೀವ್ರ ನಿಲುವು ಅಂತ ಹೆದರಿ ಲಿಂಕನ್ ಅವರನ್ನು ಆರಿಸಿದರು. ಅಂದರೆ ಲಿಂಕನ್ ಬಂದದ್ದೇ ನಡುವಿನ ಅಭ್ಯರ್ಥಿಯಾಗಿ! ನಾಲ್ಕು ಜನರ ಸ್ಪರ್ಧೆಯಲ್ಲಿ ಸುಮಾರು 40% ಮತ ಪಡೆದು ಗೆದ್ದರು.

ಆದರೆ ಮುಂದಿನ ಭಾಗ ಮುಖ್ಯ. ಗೆದ್ದಮೇಲೆ, ದಕ್ಷಿಣದ ರಾಜ್ಯಗಳು ಒಡೆದು ಹೋಗುತ್ತಿದ್ದಾಗ, ಹೊಸ ಪ್ರಾಂತ್ಯಗಳಲ್ಲಿ ಸ್ವಲ್ಪ ಬಿಟ್ಟುಕೊಡಿ, ಯುದ್ಧ ತಪ್ಪಿಸಿ ಅಂತ ಒತ್ತಡ ಬಂತು. ಬೇರೆ ಎಷ್ಟೋ ವಿಷಯದಲ್ಲಿ ಬಗ್ಗಲು ತಯಾರಿದ್ದ ಲಿಂಕನ್ ಅದೊಂದರಲ್ಲಿ ಬಗ್ಗಲಿಲ್ಲ. ಬೇಡಿಕೆ ಚಿಕ್ಕದಾಗಿತ್ತು, ಆದರೆ ಆ ಚಿಕ್ಕ ಬೇಡಿಕೆ ಗಟ್ಟಿಯಾಗಿತ್ತು. 1865ರಲ್ಲಿ ಹದಿಮೂರನೇ ತಿದ್ದುಪಡಿ ಬಂತು, ಗುಲಾಮಗಿರಿ ರದ್ದಾಯಿತು.

ಇಷ್ಟು ಓದಿ "ಹಾಗಾದರೆ ಲಿಬರ್ಟಿ ಪಾರ್ಟಿಯವರು ಮೂರ್ಖರು" ಅಂತ ಯಾರೂ ಅನ್ನಬೇಡಿ. ಆ 2.3% ಜನ ಗಟ್ಟಿಯಾಗಿ ಕೂಗದೇ ಇದ್ದಿದ್ದರೆ ಈ ವಿಷಯ ಚುನಾವಣೆಯೊಳಗೆ ಬರುತ್ತಲೇ ಇರಲಿಲ್ಲ. ಪಕ್ಷದ ಹೊರಗೆ ಚಳವಳಿ ಇದ್ದದ್ದರಿಂದಲೇ ಪಕ್ಷದ ಒಳಗೆ ನಡುದಾರಿಗೂ ಒಂದು ದಿಕ್ಕು ಸಿಕ್ಕಿತು. ಚಳವಳಿಯ ಕೆಲಸ ಮತ್ತು ಪಕ್ಷದ ಕೆಲಸ ಒಂದೇ ಅಲ್ಲ ಅಲ್ವಾ?

ಹಳೆಕಾರ್ಯಕರ್ತ

ಸಾಲುಮರ ಅವರೇ, ತುಂಬಾ ಚೆನ್ನಾಗಿ ಹೇಳಿದಿರಿ. ಆದರೆ ಇದು ನಮಗೆ ಈಗ ಕಾಣುತ್ತಿದೆ, 1860ರಲ್ಲಿ ನಿಂತವನಿಗೆ ಕಾಣುತ್ತಿತ್ತಾ? ನಾಯಕರು "ಸದ್ಯಕ್ಕೆ ಬದಿಗಿಟ್ಟಿದ್ದೇವೆ" ಅಂದಾಗ ಅದು ಬದಿಗಿಟ್ಟದ್ದೋ ಕೈಬಿಟ್ಟದ್ದೋ ಅಂತ ಕಾರ್ಯಕರ್ತನಿಗೆ ಹೇಗೆ ಗೊತ್ತಾಗಬೇಕು? ಎಲ್ಲ ಶರಣಾಗತಿಗಳೂ "ಸದ್ಯಕ್ಕೆ" ಅಂತಲೇ ಶುರುವಾಗುವುದು.

ಕಡಲತೀರ

ಇದಕ್ಕೆ ನಮ್ಮ ದೇಶದಲ್ಲೇ ಎರಡು ಉದಾಹರಣೆ ಇವೆ, ಒಂದಕ್ಕೊಂದು ತದ್ವಿರುದ್ಧ.

1996ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಸಿಪಿಎಂನ ಜ್ಯೋತಿ ಬಸು ಪ್ರಧಾನಿ ಆಗಲಿ ಅಂತ ಸಂಯುಕ್ತ ರಂಗದ ಪಕ್ಷಗಳು ಕೇಳಿದವು. ಸಿಪಿಎಂ ಕೇಂದ್ರ ಸಮಿತಿ ಬೇಡ ಅಂದಿತು. ನಮ್ಮ ಕೈಯಲ್ಲಿ ಇರುವುದು 32 ಸೀಟು, ಇಷ್ಟರಲ್ಲಿ ನಮ್ಮ ನೀತಿ ಜಾರಿ ಮಾಡಲು ಆಗುವುದಿಲ್ಲ, ಬೇರೆಯವರ ನೀತಿಗೆ ನಾವು ಮುಖ ಆಗುತ್ತೇವೆ ಅನ್ನುವುದು ಅವರ ವಾದ. ದೇವೇಗೌಡರು ಪ್ರಧಾನಿಯಾದರು. ಬಸು ಅವರೇ ಆಮೇಲೆ ಆ ನಿರ್ಧಾರವನ್ನು ಐತಿಹಾಸಿಕ ಪ್ರಮಾದ ಅಂದರು. ನನಗನ್ನಿಸುವ ಮಟ್ಟಿಗೆ ಬಸು ಹೇಳಿದ್ದೇ ಸರಿ. ಎರಡೇ ವರ್ಷ ಸರ್ಕಾರ ನಡೆಸಿದ್ದರೂ ದೇಶದ ಬೇರೆ ಕಡೆ ಆ ಪಕ್ಷ ಏನು ಮಾಡಬಲ್ಲದು ಅಂತ ಜನ ನೋಡುತ್ತಿದ್ದರು.

ಇನ್ನೊಂದು 1998. ಮೈತ್ರಿ ಸರ್ಕಾರ ಮಾಡಲು ಬಿಜೆಪಿ ತನ್ನ ಮೂರು ಮುಖ್ಯ ವಿಷಯಗಳನ್ನು ಬದಿಗಿಟ್ಟಿತು. ಅಯೋಧ್ಯೆಯ ಮಂದಿರ, 370ನೇ ವಿಧಿ, ಏಕರೂಪ ನಾಗರಿಕ ಸಂಹಿತೆ. ಮೈತ್ರಿಕೂಟದ ಕಾರ್ಯಸೂಚಿಯಲ್ಲಿ ಇವು ಇರಲಿಲ್ಲ. ಆಗ ಅವರ ಕಾರ್ಯಕರ್ತರಲ್ಲೂ ಹಳೆಕಾರ್ಯಕರ್ತ ಅವರ ಪ್ರಶ್ನೆಯೇ ಇತ್ತು. 2019ರಲ್ಲಿ 370 ಹೋಯಿತು, 2024ರ ಜನವರಿಯಲ್ಲಿ ಮಂದಿರದ ಪ್ರಾಣಪ್ರತಿಷ್ಠೆ ಆಯಿತು. ಆ ಗುರಿಗಳನ್ನು ನೀವು ಒಪ್ಪಿ, ಒಪ್ಪದಿರಿ, ಬದಿಗಿಟ್ಟದ್ದು ಕೈಬಿಟ್ಟದ್ದಲ್ಲ ಅನ್ನುವುದಂತೂ ಗೊತ್ತಾಯಿತು.

ಮುಂಜಾವು

ಕಡಲತೀರ ಅವರೇ, ಅಲ್ಲೇ ಇನ್ನೊಂದು ಪ್ರಶ್ನೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಯಾವುದೇ ಪಕ್ಷ ಇರಲಿ, ನಡುವಿಗೆ ಬಂದಾಗ ಅದನ್ನು ನಂಬಿ ಓಟು ಹಾಕಿದ ನಡುವಿನ ಜನರಿಗೆ ಏನು ಉತ್ತರ? ಕಾರ್ಯಕರ್ತನಿಗೆ "ಬಿಟ್ಟಿಲ್ಲ, ಕಾಯುತ್ತಿದ್ದೇವೆ" ಅಂತ ಹೇಳಿ, ಓಟುದಾರನಿಗೆ "ಬಿಟ್ಟಿದ್ದೇವೆ" ಅಂತ ಅನ್ನಿಸಿದರೆ ಇಬ್ಬರಲ್ಲಿ ಒಬ್ಬರಿಗೆ ಮೋಸ ಆಗುತ್ತಿದೆ. ಬದಿಗಿಡುವುದಾದರೆ ಎಲ್ಲರ ಎದುರು ಹೇಳಿಯೇ ಬದಿಗಿಡಬೇಕು. ಈ ಅವಧಿಗೆ ಇದು ಇಲ್ಲ, ಆದರೆ ನಮ್ಮ ನಂಬಿಕೆ ಇದೇ ಅಂತ. ಎಡಕ್ಕೂ ಬಲಕ್ಕೂ ಇದೇ ನಿಯಮ.

ಲೆಕ್ಕಿಗ

ಮಾತು ಮುರಿದರೆ ಏನಾಗುತ್ತದೆ ಅನ್ನುವುದಕ್ಕೆ ಬ್ರಿಟನ್ನಿನ ಲಿಬರಲ್ ಡೆಮಾಕ್ರಾಟರು. ತಮಾಷೆ ಅಂದರೆ ಇವರೇ ನಡುವಿನ ಪಕ್ಷ! 2010ರ ಚುನಾವಣೆಗೆ ಮುಂಚೆ, ವಿಶ್ವವಿದ್ಯಾಲಯದ ಶುಲ್ಕ ಏರಿಸುವುದಕ್ಕೆ ವಿರುದ್ಧ ಮತ ಹಾಕುತ್ತೇವೆ ಅಂತ ಅವರ ಅಭ್ಯರ್ಥಿಗಳು ಲಿಖಿತ ಪ್ರತಿಜ್ಞೆಗೆ ಸಹಿ ಹಾಕಿ ಫೋಟೋ ತೆಗೆಸಿಕೊಂಡರು. 57 ಸೀಟು ಬಂತು, ಕನ್ಸರ್ವೇಟಿವರ ಜೊತೆ ಸರ್ಕಾರಕ್ಕೆ ಸೇರಿದರು. ಅದೇ ವರ್ಷದ ಕೊನೆಯಲ್ಲಿ ಶುಲ್ಕದ ಮಿತಿಯನ್ನು ವರ್ಷಕ್ಕೆ 9,000 ಪೌಂಡಿಗೆ ಏರಿಸುವ ಪ್ರಸ್ತಾವಕ್ಕೆ ಅವರಲ್ಲಿ ಹಲವರು ಪರವಾಗಿ ಮತ ಹಾಕಿದರು. 2015ರಲ್ಲಿ ಉಳಿದದ್ದು 8 ಸೀಟು. ನಡುವಿನಲ್ಲಿ ನಿಂತದ್ದಕ್ಕೆ ಶಿಕ್ಷೆ ಸಿಕ್ಕಿದ್ದಲ್ಲ, ಸಹಿ ಹಾಕಿದ ಮಾತಿಗೆ ನಿಲ್ಲದ್ದಕ್ಕೆ ಸಿಕ್ಕಿತು. ಮೈತ್ರಿಯ ಬೇರೆ ಕಾರಣಗಳೂ ಇದ್ದವು, ಆದರೆ ಜನರಿಗೆ ನೆನಪಿರುವುದು ಆ ಫೋಟೋಗಳೇ.

ಇನ್ನು ಸೀಟಿನ ಲೆಕ್ಕವನ್ನು ನಂಬಿ ಪಾಠ ಕಲಿಯುವವರಿಗೆ ಒಂದು ಎಚ್ಚರಿಕೆ. 2017ರಲ್ಲಿ ಗಟ್ಟಿ ಎಡ ನಿಲುವಿನ ಜೆರೆಮಿ ಕಾರ್ಬಿನ್ ಅವರಿಗೆ 40% ಮತ, 262 ಸೀಟು, ಸೋಲು. 2024ರಲ್ಲಿ ನಡುವಿಗೆ ಸರಿದ ಕೀರ್ ಸ್ಟಾರ್ಮರ್ ಅವರಿಗೆ 33.7% ಮತ, 411 ಸೀಟು, ಭಾರಿ ಗೆಲುವು. ಕಡಿಮೆ ಜನ ಓಟು ಹಾಕಿದ್ದಕ್ಕೆ ಜಾಸ್ತಿ ಸೀಟು. ಎದುರಿನ ಬಲಪಂಥದ ಓಟು ಒಡೆದಿತ್ತು, ರಿಫಾರ್ಮ್ ಪಕ್ಷ 14% ತೆಗೆದುಕೊಂಡಿತ್ತು. ಹಾಗಂತ ಕಾರ್ಬಿನ್ ದಾರಿಯೇ ಸರಿ ಅಂತಲೂ ಅಲ್ಲ, ಅದೇ ನಾಯಕರಡಿ 2019ರಲ್ಲಿ 202 ಸೀಟಿಗೆ ಕುಸಿದರು. ಯಾವ ಒಂದು ಚುನಾವಣೆಯೂ ಈ ಜಗಳ ತೀರಿಸುವುದಿಲ್ಲ.

ದಾರಿಹೋಕ

ಎಲ್ಲರ ಮಾತೂ ಓದಿದೆ. ಹಳೆಕಾರ್ಯಕರ್ತ ಅವರ ಪ್ರಶ್ನೆಯೇ ನನಗೆ ಮುಖ್ಯ, ಹೇಗೆ ಗೊತ್ತಾಗಬೇಕು ಅನ್ನುವುದು. ಮುಂಜಾವು ಹೇಳಿದ ಹಾಗೆ ಬಹಿರಂಗವಾಗಿ ಹೇಳುವುದು ಒಂದು ಗುರುತು. ಅದಕ್ಕಿಂತ ಒಳ್ಳೆಯ ಗುರುತು, ಸದಸ್ಯರನ್ನು ಕೇಳಿ ಮಾಡಿದರಾ ಅನ್ನುವುದು.

ಜರ್ಮನಿಯ ಎಡಪಂಥದ ದೊಡ್ಡ ಪಕ್ಷ ಎಸ್‌ಪಿಡಿಯನ್ನೇ ನೋಡಿ. 1959ರಲ್ಲಿ ಬಾಡ್ ಗೋಡೆಸ್‌ಬರ್ಗ್ ಸಮ್ಮೇಳನದಲ್ಲಿ ಮಾರ್ಕ್ಸ್‌ವಾದದ ಹಳೆಯ ಕಾರ್ಯಕ್ರಮ ಬಿಟ್ಟು ಮಾರುಕಟ್ಟೆಯನ್ನು ಒಪ್ಪಿಕೊಂಡರು. ಬಹಿರಂಗ ಚರ್ಚೆ ಮಾಡಿ, ಪ್ರತಿನಿಧಿಗಳು ಮತ ಹಾಕಿ ಮಾಡಿದ ಬದಲಾವಣೆ. ಪಕ್ಷ ಬೆಳೆಯಿತು, 1969ರಲ್ಲಿ ವಿಲ್ಲಿ ಬ್ರಾಂಟ್ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆದರು. ಅದೇ ಪಕ್ಷದ ಗೆರ್ಹಾರ್ಡ್ ಶ್ರೋಡರ್ 2003ರಲ್ಲಿ ನಿರುದ್ಯೋಗ ಭತ್ಯೆ ಕಡಿತದ ಸುಧಾರಣೆಗಳನ್ನು ಮೇಲಿನಿಂದ ಘೋಷಿಸಿದರು, ಒಪ್ಪದಿದ್ದರೆ ರಾಜೀನಾಮೆ ಅಂತ ಪಕ್ಷವನ್ನು ಬಗ್ಗಿಸಿದರು. ಸಿಟ್ಟಾದವರು ಹೊರಗೆ ಹೋದರು, 2007ರಲ್ಲಿ ಡೀ ಲಿಂಕೆ ಅನ್ನುವ ಇನ್ನೂ ಎಡದ ಪಕ್ಷ ಹುಟ್ಟಿತು. 1998ರಲ್ಲಿ 40.9% ಇದ್ದ ಎಸ್‌ಪಿಡಿ 2009ರಲ್ಲಿ 23%ಕ್ಕೆ ಬಂತು, ಡೀ ಲಿಂಕೆ 11.9% ತೆಗೆದುಕೊಂಡಿತು. ಎರಡೂ ಸಲ ಪಕ್ಷ ನಡುವಿಗೇ ಸರಿದದ್ದು. ಸರಿದ ರೀತಿ ಬೇರೆ, ಬಿಟ್ಟುಕೊಟ್ಟ ವಸ್ತುವೂ ಬೇರೆ. ಮೊದಲ ಸಲ ಹಳೆಯ ಸಿದ್ಧಾಂತದ ಭಾಷೆ ಬಿಟ್ಟರು, ಎರಡನೇ ಸಲ ಕೆಲಸ ಕಳೆದುಕೊಂಡ ಕಾರ್ಮಿಕನನ್ನೇ ಬಿಟ್ಟರು.

ಅದರಿಂದ ಆ ಪಕ್ಷ ಕಲಿಯಿತು ಅಂತ ಕಾಣುತ್ತದೆ. ಎದುರು ಪಕ್ಷದ ಚಾನ್ಸಲರ್ ಏಂಜೆಲಾ ಮರ್ಕೆಲ್ ಜೊತೆ ಮೈತ್ರಿ ಮಾಡಬೇಕಾ ಬೇಡವಾ ಅಂತ 2013ರಲ್ಲೂ 2018ರಲ್ಲೂ ಎಲ್ಲ ಸದಸ್ಯರಿಂದ ಮತ ಹಾಕಿಸಿದರು. 2018ರಲ್ಲಿ ಯುವ ಘಟಕದ ಕೆವಿನ್ ಕ್ಯೂನರ್ಟ್ ದೇಶವೆಲ್ಲ ಸುತ್ತಿ ಬೇಡ ಅಂತ ಪ್ರಚಾರ ಮಾಡಿದರು. ಮತ ಹಾಕಿದ ಸದಸ್ಯರಲ್ಲಿ 66% ಜನ ಬೇಕು ಅಂದರು. ಸೋತ ಕ್ಯೂನರ್ಟ್ ಪಕ್ಷ ಬಿಡಲಿಲ್ಲ, 2021ರಲ್ಲಿ ಪಕ್ಷದ ಪ್ರಧಾನ ಕಾರ್ಯದರ್ಶಿ ಆದರು. ಕೇಳಿದ್ದಕ್ಕೇ ಅವರು ಉಳಿದರು ಅಂತ ನಾನು ನಂಬುತ್ತೇನೆ.

ಮುಂಜಾವು

ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. 2018ರಲ್ಲಿ ಎಸ್‌ಪಿಡಿ ಸದಸ್ಯರು ಸುಮಾರು 4.6 ಲಕ್ಷ. ಹಿಂದಿನ ವರ್ಷ ಆ ಪಕ್ಷಕ್ಕೆ ಓಟು ಹಾಕಿದವರು ಸುಮಾರು 95 ಲಕ್ಷ. ಸದಸ್ಯರೇ ಎಲ್ಲವನ್ನೂ ತೀರ್ಮಾನಿಸಿದರೆ ಉಳಿದ 90 ಲಕ್ಷ ಜನರ ಪರವಾಗಿ ಯಾರು ಮಾತಾಡಬೇಕು?

ಹಳೆಕಾರ್ಯಕರ್ತ

ಅವರ ಮನೆಗೆ ಹೋಗಿ ಬರುವ ಸದಸ್ಯನೇ ಮಾತಾಡಬೇಕು. ನಾಯಕರು ಸಮೀಕ್ಷೆ ಓದುತ್ತಾರೆ, ಸದಸ್ಯ ಬಾಗಿಲು ತಟ್ಟುತ್ತಾನೆ. ಇಬ್ಬರಲ್ಲಿ ಆ 90 ಲಕ್ಷ ಜನಕ್ಕೆ ಹತ್ತಿರ ಇರುವವನು ಅವನೇ. ಅವನ ಕೈಗೆ ಮತ ಕೊಡಿ, ಜೊತೆಗೆ ಏನನ್ನು ಬದಿಗಿಟ್ಟಿದ್ದೇವೆ, ಎಲ್ಲಿಯವರೆಗೆ ಅಂತ ಬರೆದ ಒಂದು ಹಾಳೆಯನ್ನೂ ಕೊಡಿ. ಅಷ್ಟು ಕೊಟ್ಟರೆ ನನಗೆ ಇಷ್ಟವಿಲ್ಲದ ಮೈತ್ರಿಗೂ ನಾನು ಮತ್ತೆ ಕರಪತ್ರ ಹಂಚುತ್ತೇನೆ.